ಕೈಗೆ ಹತ್ತಿದ ಗೋಧಿ

ನನ್ನ ಕಾಯಿಲೆಗೆ ಒಂದು ಹೆಸರು ಸಿಗುವಷ್ಟರಲ್ಲಿ ಒಂದು ವರ್ಷ ಎರಡು ತಿಂಗಳು ಕಳೆದಿತ್ತು. ಅಷ್ಟರಲ್ಲಿ ನಾನು ಮೂರು ಸಲ ಬಿದ್ದೆ, ಮೂರು ಸಲವೂ ಎದ್ದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಬಿಂದು ಒಂದೇ ಸಲ ಬಿದ್ದಳು, ಏಳಲಿಲ್ಲ. ನನ್ನದಷ್ಟನ್ನೇ ಬರೆಯೋಣ ಎಂದು ಕೂತಿದ್ದೆ. ಅವಳನ್ನು ಬಿಟ್ಟು ಎರಡು ಪುಟವೂ ಮುಂದೆ ಹೋಗಲಾಗಲಿಲ್ಲ.

ನಾನು ಎಚ್.ಡಿ. ಕೋಟೆ ಕಡೆಯ ಹೆಣ್ಣು. ಮದುವೆಯಾಗಿ ಗಡಿ ದಾಟಿ ಕಾಟ್ಟಿಕುಳಂ ಹತ್ತಿರದ ಈ ಮನೆಗೆ ಬಂದು ಹದಿನೆಂಟು ವರ್ಷವಾಯಿತು. ಗಂಡ ಮಾದೇಶ ಕಾಫಿ, ಮೆಣಸು, ಶುಂಠಿ ಬೆಳೆಯುತ್ತಾರೆ. ಅವರ ಮುತ್ತಜ್ಜನ ಕಾಲದಲ್ಲೇ ಈ ಮನೆತನ ಹೊಳೆ ದಾಟಿ ಇಲ್ಲಿ ನೆಲೆ ನಿಂತಿತಂತೆ. ಮನೆಯೊಳಗೆ ಕನ್ನಡ, ಅಂಗಳ ದಾಟಿದರೆ ಮಲಯಾಳ. ಮಗಳು ಅಮೃತಳಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಇದನ್ನು ಅವಳಿಗೆ ನಾನೇ ಓದಿ ಹೇಳಬೇಕು.

ಮೊದಲ ಸಲ ಬಿದ್ದದ್ದು ಒಂದು ಜನವರಿಯಲ್ಲಿ, ಕಾಫಿ ಕೊಯ್ಲಿನ ದಿನಗಳಲ್ಲಿ. ಬೆಳಿಗ್ಗೆ ಎರಡು ಪೊರೋಟ, ಕಡಲೆ ಸಾರು ತಿಂದು ತೋಟಕ್ಕೆ ಇಳಿದಿದ್ದೆ. ಅರ್ಧ ಗಂಟೆ ಹಣ್ಣು ಕಿತ್ತಿರಬೇಕು, ಅಂಗೈ ತುರಿಸತೊಡಗಿತು. ಆಮೇಲೆ ನೆತ್ತಿ, ಕಿವಿ, ಪಾದದ ಅಡಿ. ತುಟಿ ದಪ್ಪವಾಗಿ ನನ್ನದಲ್ಲ ಎನ್ನಿಸಿತು. ಹೊಟ್ಟೆ ನುಲಿಯಿತು. ಇವೆಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಕಾರಣವಿಲ್ಲದೆ, ಈಗ ನಾನು ಸಾಯುತ್ತೇನೆ ಎಂಬುದು ಖಚಿತವಾಗಿ ಗೊತ್ತಾಯಿತು. ಹಾಗೆ ಗೊತ್ತಾಗುವುದೂ ಈ ಕಾಯಿಲೆಯ ಒಂದು ಲಕ್ಷಣ ಎಂದು ಬಹಳ ದಿನಗಳ ಮೇಲೆ ತಿಳಿಯಿತು. ಆವತ್ತು ನಾನು ಕಾಫಿ ಗಿಡವೊಂದನ್ನು ಹಿಡಿದುಕೊಂಡು ಮಗಳ ಹೆಸರು ಕೂಗಲು ಹೋದೆ. ದನಿ ಹೊರಡಲಿಲ್ಲ.

ಎಚ್ಚರವಾದಾಗ ಮಾನಂದವಾಡಿಯ ಆಸ್ಪತ್ರೆಯ ಹಾಸಿಗೆಯಲ್ಲಿದ್ದೆ. ತೊಡೆಗೆ ಚುಚ್ಚಿದ್ದರು, ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಮಾದೇಶ ಒದ್ದೆ ಅಂಗಿಯಲ್ಲಿ ನಿಂತಿದ್ದರು. ನನ್ನನ್ನು ಹೊತ್ತು ರಸ್ತೆಗೆ ತಂದಿದ್ದರಂತೆ. ಏನು ತಿಂದಿರಿ, ಏನು ಕಚ್ಚಿತು ಎಂದು ಡಾಕ್ಟರು ಕೇಳಿದರು. ಕಾಫಿ ಗಿಡದಲ್ಲಿ ಕೆಂಜಿಗ ಇದ್ದೇ ಇರುತ್ತದೆ, ಅದು ನನ್ನ ಕುತ್ತಿಗೆಗೆ ಕಚ್ಚಿಯೂ ಇತ್ತು. ಹಿಂದಿನ ದಿನ ಮೀನು ತಿಂದಿದ್ದೆ. "ಎರಡರಲ್ಲಿ ಒಂದಿರಬಹುದು. ಇನ್ನೊಮ್ಮೆ ಹೀಗಾದರೆ ಅಲರ್ಜಿ ಡಾಕ್ಟರಿಗೆ ತೋರಿಸಲೇಬೇಕು" ಎಂದರು. ತಲೆಯಾಡಿಸಿ ಬಂದೆವು. ಮೀನು ಬಿಟ್ಟೆ. ತೋಟಕ್ಕೆ ಹೋಗುವಾಗ ಕುತ್ತಿಗೆಗೆ ಟವೆಲು ಸುತ್ತಿಕೊಂಡೆ. ಗೋಧಿ ಮೈದಾದ ಪೊರೋಟದ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಹುಟ್ಟಿದಾಗಿನಿಂದ ಗೋಧಿ ತಿಂದವಳು ನಾನು. ವಾರದಲ್ಲಿ ಮೂರು ದಿನ ಮನೆಯಲ್ಲಿ ಚಪಾತಿಯೇ.

ಅತ್ತೆಗೆ ಮಾತ್ರ ಸಮಾಧಾನವಾಗಲಿಲ್ಲ. "ಕೆಂಜಿಗ ಕಚ್ಚಿ ಯಾರ್ ಬಿದ್ದವ್ರೆ? ನಾನು ಐವತ್ತು ವರ್ಷದಿಂದ ಕಚ್ಚಿಸ್ಕತಾ ಇದ್ದೀನಿ" ಎಂದರು. ನಾನು ಕೊಯ್ಲು ತಪ್ಪಿಸಿಕೊಳ್ಳಲು ನೆಪ ಮಾಡುತ್ತಿದ್ದೇನೆ ಎಂದು ಅವರು ಹೇಳುತ್ತಿರುವಂತೆ ನನಗೆ ಕೇಳಿಸಿತು. ಒಂದು ವಾರ ಅವರೊಡನೆ ಸರಿಯಾಗಿ ಮಾತಾಡಲಿಲ್ಲ.

ಇಲ್ಲಿ ಸೋಪಿನ ವಿಷಯ ಹೇಳಬೇಕು.

ನಮ್ಮೂರಿನ ಹೆಂಗಸರು ಐದು ಜನ ಸೇರಿ ಸೋಪು ಮಾಡುತ್ತಿದ್ದೆವು. ಹಳೆಯ ಪಡಿತರ ಅಂಗಡಿಯ ಹಿಂದಿನ ಕೋಣೆ. ಕೊಬ್ಬರಿ ಎಣ್ಣೆಗೆ ಚರ್ಮ ಸುಡುವ ಕಾಸ್ಟಿಕ್ ಸೋಡಾ ನೀರು ಬೆರೆಸಿ, ಅರಿಸಿನವನ್ನೋ ಕಾಫಿ ಪುಡಿಯನ್ನೋ ಹಾಕಿ, ಅಚ್ಚಿಗೆ ಹೊಯ್ಯುವ ಕೆಲಸ. ಮುಂದಾಳು ಸುಲೋಚನ ಚೇಚಿ; ಇಲ್ಲಿ ಅಕ್ಕನಿಗೆ ಚೇಚಿ ಎನ್ನುತ್ತಾರೆ. ಬೆರೆಸುವ ಮೇಜಿನ ಹೊಣೆ ನನ್ನದು, ಯಾರು ಎಲ್ಲಿ ನಿಲ್ಲಬೇಕೆಂದು ಹೇಳುವವಳೂ ನಾನೇ. ಎರಡನೆಯ ವರ್ಷದಲ್ಲಿ ಪೇಟೆಯಿಂದ ಒಂದು ಬಿಳಿ ಡಬ್ಬ ಬಂತು. ಒಳಗೆ ಮಾಸಲು ಹಳದಿ ಪುಡಿ. ಗೋಧಿಯಿಂದ ತೆಗೆದ ಪ್ರೋಟೀನು, ನೀರಿನಲ್ಲಿ ಕರಗುವಂತೆ ಮಾಡಿದ್ದು, ಇದನ್ನು ಹಾಕಿದರೆ ನೊರೆ ಬೆಣ್ಣೆಯ ಹಾಗಾಗುತ್ತದೆ, ಚರ್ಮ ನುಣುಪಾಗುತ್ತದೆ ಎಂದು ತಂದುಕೊಟ್ಟವನು ಹೇಳಿದ. ನಿಜವಾಗಿಯೂ ಹಾಗೇ ಆಯಿತು. ಸೋಪು ಗಡಿಯ ಬಾವಲಿ ಊರಿನ ತನಕ ಅಂಗಡಿ ಅಂಗಡಿಗೂ ಹೋಯಿತು.

ಆ ಪುಡಿ ಬಲು ಹಗುರ. ಚಮಚ ಎತ್ತಿದರೆ ಸಾಕು, ಹೊಗೆಯಂತೆ ಏಳುತ್ತಿತ್ತು. ಕಾಸ್ಟಿಕ್ ತಾಗಿ ತಾಗಿ ನಮ್ಮ ಕೈಗಳು ಬಿರುಕು ಬಿಟ್ಟಿದ್ದವು. ಕೈಗವಸು ಹಾಕಿಕೊಂಡರೆ ಹದ ತಿಳಿಯುವುದಿಲ್ಲವೆಂದು ನಾನು ಪುಡಿಯನ್ನು ನೀರಿನಲ್ಲಿ ಬರಿಗೈಯಲ್ಲೇ ಕಲಸುತ್ತಿದ್ದೆ. ಬಿಂದುವಿಗೂ ಹಾಗೇ ಕಲಿಸಿಕೊಟ್ಟೆ.

ಬಿಂದು ಕಾಡಂಚಿನ ಹಾಡಿಯವಳು, ಜೇನುಕುರುಬರ ಹೆಣ್ಣು. ಮೂವತ್ತು ತುಂಬಿರಲಿಲ್ಲ. ಗಂಡ ಬಿಟ್ಟುಹೋಗಿದ್ದ. ಆರು ವರ್ಷದ ಮಗಳು ಅಮ್ಮು, ತಾಯಿ ಕೆಂಚಿ, ಇಷ್ಟೇ ಸಂಸಾರ. ಅವಳನ್ನು ಕೆಲಸಕ್ಕೆ ಕರೆತಂದವಳು ನಾನು. ಅವಳ ಕೈ ಎಷ್ಟು ಸ್ಥಿರವಾಗಿತ್ತೆಂದರೆ ಅಚ್ಚಿನ ಅಂಚಿಗೆ ಒಂದು ಹನಿಯೂ ತಾಗದಂತೆ ಹೊಯ್ಯುತ್ತಿದ್ದಳು. ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಒಡೆದ ಸೋಪಿನ ಚೂರುಗಳನ್ನು ಯಾರೂ ಕೊಳ್ಳುವುದಿಲ್ಲವಲ್ಲ, ಅವನ್ನು ಮಗಳಿಗೆಂದು ಎಲೆಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದಳು.

ಪುಡಿ ಬಂದ ಕೆಲವು ತಿಂಗಳಿಗೆ ಅವಳಿಗೆ ಸೀನು ಶುರುವಾಯಿತು. ಆಮೇಲೆ ಕಣ್ಣು ಊದಿಕೊಳ್ಳತೊಡಗಿತು. ಮುಂಗೈ ಮೇಲೆ ದದ್ದು. ನನಗೂ ಸೀನು ಬರುತ್ತಿತ್ತು, ನಾನದನ್ನು ಮೆಣಸಿನ ದೂಳು ಎಂದುಕೊಂಡಿದ್ದೆ. ನಾನು ಮೊದಲ ಸಲ ಬಿದ್ದು ಹದಿನೈದು ದಿನವಾಗಿರಬೇಕು, ಬಿಂದು ಮೇಜಿನ ಬಳಿ ಬಂದು ನಿಂತಳು.

"ಸುಮ ಚೇಚಿ, ಈ ಪೊಡಿ ನಂಗೆ ಪಟ್ಟಲ್ಲ" ಎಂದಳು. ನಮ್ಮ ಕಡೆ ಒಗ್ಗುವುದಿಲ್ಲ ಎನ್ನಲು ಹಾಗೆ ಹೇಳುತ್ತಾರೆ. "ನನ್ನ ಪ್ಯಾಕಿಂಗಿಗೆ ಹಾಕು."

"ಎಲ್ರಿಗೂ ಸೀನು ಬತ್ತದೆ ಕಣೆ. ಮೂಗಿಗೆ ಶಾಲು ಕಟ್ಕೊ."

"ಮೂಗಲ್ಲ ಚೇಚಿ. ಕೈಯಿಂದ ಒಳಗೆ ಹೋಗ್ತದೆ ಅನ್ನಿಸ್ತದೆ."

ನಾನು ನಕ್ಕೆ. ಕೈಯಿಂದ ಒಳಗೆ ಹೋಗುವುದಕ್ಕೆ ಅದೇನು ಮುಳ್ಳೇ ಎಂದೆ. ಆ ವಾರ ಆರ್ಡರು ಹೆಚ್ಚಿತ್ತು. ಅವಳಷ್ಟು ಚೆನ್ನಾಗಿ ಹೊಯ್ಯುವವರು ಬೇರೆ ಇರಲಿಲ್ಲ. ಈ ತಿಂಗಳೊಂದು ಕಳೆಯಲಿ ಎಂದು ಹೇಳಿ ಕಳಿಸಿದೆ. ಅವಳು ಇನ್ನು ನಾಲ್ಕು ದಿನ ಬಂದಳು. ಐದನೆಯ ದಿನ ಬರಲಿಲ್ಲ. ಬೇಸಿಗೆಯ ಕಾಡ್ಗಿಚ್ಚು ಹರಡದಿರಲೆಂದು ಕಾಡಿನಂಚಿನ ಹುಲ್ಲು ಕಡಿದು ಬಯಲು ಮಾಡುವ ಕೆಲಸಕ್ಕೆ ಸೇರಿಕೊಂಡಳೆಂದು ಗೊತ್ತಾಯಿತು. ನನಗೆ ಸಿಟ್ಟು ಬಂದಿತ್ತು.

ಫೆಬ್ರವರಿಯ ಕೊನೆಯಲ್ಲಿ ನಾನು ಎರಡನೆಯ ಸಲ ಬಿದ್ದೆ. ಒಪ್ಪೊತ್ತಿನ ದಿನ, ಗೋಧಿ ನುಚ್ಚಿನ ಉಪ್ಪಿಟ್ಟು ತಿಂದು ಶುಂಠಿ ಅಗೆಯಲು ಹೋಗಿದ್ದೆ. ಮತ್ತೆ ಅಂಗೈ ತುರಿಕೆ, ಮತ್ತೆ ಆ ಖಚಿತವಾದ ಸಾವು. ಈ ಸಲ ಬೇಗ ಆಸ್ಪತ್ರೆ ಮುಟ್ಟಿದ್ದರಿಂದ ಸಂಜೆಯೊಳಗೆ ಮನೆಗೆ ಬಂದೆ. ಆವತ್ತು ಮೀನು ಇರಲಿಲ್ಲ, ಕೆಂಜಿಗವೂ ಇರಲಿಲ್ಲ. ಅಲರ್ಜಿ ಡಾಕ್ಟರ ಬಳಿ ಹೋಗಬೇಕೆಂದರೆ ಘಾಟಿ ಇಳಿದು ಕೋಳಿಕ್ಕೋಡಿಗೆ ಹೋಗಬೇಕು. ಕೊಯ್ಲು ಮುಗಿಯಲಿ ಎಂದೆ. ಮುಂದೂಡುವುದು ನನಗೆ ಅಭ್ಯಾಸವಾಗಿತ್ತು.

ಮಾರ್ಚಿನ ಒಂದು ಮಧ್ಯಾಹ್ನ ಸುಲೋಚನ ಚೇಚಿ ಫೋನು ಮಾಡಿ, "ಬಿಂದು ಹೋದಳು" ಎಂದರು. ಎಲ್ಲಿಗೆ ಎಂದು ಕೇಳಿದೆ.

ಬೆಳಿಗ್ಗೆ ಕೆಲಸದವರೆಲ್ಲ ಬಾವಲಿ ರಸ್ತೆಯ ರಾಜನ್‌ನ ಚಹಾದಂಗಡಿಯಲ್ಲಿ ಪೊರೋಟ ತಿಂದು ಕಾಡಿಗೆ ಹತ್ತಿದ್ದರಂತೆ. ಬಿಸಿಲಿನಲ್ಲಿ ಒಂದು ಗಂಟೆ ಹುಲ್ಲು ಕಡಿಯುವಷ್ಟರಲ್ಲಿ ಅವಳು ಮೈ ಪರಚಿಕೊಂಡಳಂತೆ, ವಾಂತಿ ಮಾಡಿಕೊಂಡಳಂತೆ, ತೂರಾಡಿ ಬಿದ್ದಳಂತೆ. ಕಾಡಿನೊಳಕ್ಕೆ ಜೀಪು ಬರಲು ಹೊತ್ತಾಯಿತು. ಆಸ್ಪತ್ರೆ ಸೇರುವ ಮೊದಲೇ ಉಸಿರು ನಿಂತಿತ್ತು.

ಹಾಡಿಗೆ ಹೋದೆ. ಚಾಪೆಯ ಮೇಲೆ ಮಲಗಿಸಿದ್ದರು. ತುಟಿ ಎರಡರಷ್ಟಾಗಿತ್ತು, ಕಣ್ಣಿನ ಮೇಲೆ ಊತ. ತೋಳಿನ ಮೇಲೆ ದದ್ದುಗಳ ಗುರುತು ಇನ್ನೂ ಇತ್ತು. ನಾನು ಮೊದಲ ಸಲ ಬಿದ್ದಾಗ ಅಮೃತ ತನ್ನ ಫೋನಿನಲ್ಲಿ ನನ್ನ ಮುಖದ ಫೋಟೋ ತೆಗೆದಿದ್ದಳು, ಡಾಕ್ಟರಿಗೆ ತೋರಿಸಬೇಕೆಂದು. ಅದೇ ಮುಖ. ನೋಡಿದ ಕೂಡಲೇ ನನಗೆ ತಿಳಿಯಿತು. ಕಾಯಿಲೆಯ ಹೆಸರು ಆಗ ಗೊತ್ತಿರಲಿಲ್ಲ. ಆದರೆ ಇಬ್ಬರಿಗೂ ಬಂದದ್ದು ಒಂದೇ ಎಂದು ತಿಳಿಯಿತು. ಅಲ್ಲಿ ಇಪ್ಪತ್ತು ಮೂವತ್ತು ಜನ ಇದ್ದರು. ಕೆಂಚಿ ನನ್ನ ಎದುರಿಗೇ ಕೂತಿದ್ದಳು. ನಾನು ಬಾಯಿ ಬಿಡಲಿಲ್ಲ.

ವಾಪಸು ಬರುವಾಗ ರಾಜನ್‌ನ ಅಂಗಡಿ ಮುಂದೆ ಗುಂಪು ನಿಂತಿತ್ತು. "ಬೆಳಿಗ್ಗೆಯೇ ಕುಡಿದಿದ್ದಳು. ತೂರಾಡಿದಳಂತಲ್ಲ, ಇನ್ನೇನು? ಹಾಡಿಯವರ ಪಾಡೇ ಇಷ್ಟು" ಎಂದು ರಾಜನ್ ಹೇಳುತ್ತಿದ್ದ. ಬಿಂದು ಕುಡಿಯುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಆಗಲೂ ಬಾಯಿ ಬಿಡಲಿಲ್ಲ. ಒಂದು ವಾರದೊಳಗೆ ಕಾಟ್ಟಿಕುಳಂನಲ್ಲೆಲ್ಲ ಅದೇ ಮಾತಾಗಿತ್ತು.

ಅದಾದ ಮೇಲೂ ಎಂಟು ತಿಂಗಳು ನಾನು ಆ ಪುಡಿಯನ್ನು ಬರಿಗೈಯಲ್ಲಿ ಕಲಸಿದೆ. ತಪ್ಪನ್ನು ಊಟದಲ್ಲೇ ಹುಡುಕಿದೆ. ಮೀನು ತಿನ್ನಲಿಲ್ಲ, ಮೊಟ್ಟೆ ತಿನ್ನಲಿಲ್ಲ, ಬದನೆಕಾಯಿ ತಿನ್ನಲಿಲ್ಲ. ಉಣ್ಣುವ ಪ್ರತಿ ತುತ್ತಿಗೂ ಹೆದರಿಕೆಯಾಯಿತು. ಚಪಾತಿ ತಿಂದು ಮಲಗಿದರೆ ಏನೂ ಆಗುತ್ತಿರಲಿಲ್ಲ, ಹಾಗಾಗಿ ಅದೊಂದೇ ಧೈರ್ಯವಾಗಿ ತಿನ್ನುವ ಊಟವಾಗಿತ್ತು.

ನವೆಂಬರಿನಲ್ಲಿ ಮೂರನೆಯ ಸಲ. ಬೆನ್ನು ನೋವೆಂದು ಒಂದು ನೋವಿನ ಮಾತ್ರೆ ನುಂಗಿ, ಚಪಾತಿ ತಿಂದು, ಬಸ್ಸು ಹಿಡಿಯಲು ಓಡಿದ್ದೆ. ಬಸ್ಸಿನ ಮೆಟ್ಟಿಲ ಮೇಲೆಯೇ ಗಂಟಲು ಕಟ್ಟಿತು. ಯಾರೋ ಹಿಂದಿನಿಂದ ಕತ್ತು ಹಿಸುಕಿದ ಹಾಗೆ. ಆ ಬಸ್ಸಿನವರು ಎಲ್ಲೂ ನಿಲ್ಲಿಸದೆ ನೇರ ಮಾನಂದವಾಡಿಯ ಆಸ್ಪತ್ರೆಯ ಬಾಗಿಲಿಗೇ ತಂದು ಬಿಟ್ಟರು. ಪ್ರಯಾಣಿಕರೊಬ್ಬರೂ ಗೊಣಗಲಿಲ್ಲವಂತೆ. ಎರಡು ಸಲ ತೊಡೆಗೆ ಚುಚ್ಚಬೇಕಾಯಿತು. ಮೂರು ದಿನ ಅಲ್ಲೇ ಇದ್ದೆ.

ಎರಡನೆಯ ದಿನ ಡಾಕ್ಟರು ಹಾಸಿಗೆ ಬಳಿ ಬಂದಾಗ ಅತ್ತೆ ಎದ್ದು ನಿಂತರು. ಅವರಿಗೆ ಆಸ್ಪತ್ರೆಯ ಮಲಯಾಳ ಬಾಯಿಗೆ ಬರುವುದಿಲ್ಲ. ಕನ್ನಡದಲ್ಲೇ ಶುರು ಮಾಡಿದರು. "ನಾನು ನೋಡ್ತಾನೇ ಇದ್ದೀನಿ ಸ್ವಾಮಿ. ಗೋಧಿ ತಿಂದು ಮೈ ಬಗ್ಗಿಸಿ ಕೆಲ್ಸ ಮಾಡ್ದಾಗೆಲ್ಲ ಇವ್ಳಿಗೆ ಹಿಂಗಾಯ್ತದೆ. ತಿಂದು ಮಲ್ಗುದ್ರೆ ಏನೂ ಇಲ್ಲ. ಗೋಧಿ ತಿನ್ದೆ ಕೆಲ್ಸ ಮಾಡುದ್ರೂ ಏನೂ ಇಲ್ಲ."

ಮಾದೇಶ ಮುಜುಗರಪಟ್ಟು, "ಸುಮ್ನಿರವ್ವ" ಎಂದರು. ಅಮೃತ ಸುಮ್ಮನಿರಲಿಲ್ಲ. ಅಜ್ಜಿಯ ಮಾತನ್ನು ಒಂದೂ ಬಿಡದೆ ಮಲಯಾಳದಲ್ಲಿ ಹೇಳಿದಳು. ಬರೆಯುತ್ತಿದ್ದ ಡಾಕ್ಟರು ಪೆನ್ನು ನಿಲ್ಲಿಸಿದರು. ಇನ್ನೊಮ್ಮೆ ಹೇಳು ಎಂದರು. ಅವಳು ಹೇಳಿದಳು. ಆಗಲೇ ಕೋಳಿಕ್ಕೋಡಿನ ಅಲರ್ಜಿ ಡಾಕ್ಟರಿಗೆ ಚೀಟಿ ಬರೆದರು. ನೆಪ ಹುಡುಕುವವಳೆಂದು ಅತ್ತೆ ನನ್ನನ್ನು ತಿಳಿದಿದ್ದಾರೆ ಎಂದುಕೊಂಡಿದ್ದೆನಲ್ಲ, ಅವರು ಹತ್ತು ತಿಂಗಳಿಂದ ನನ್ನ ತಟ್ಟೆಯನ್ನೂ ನನ್ನ ಕೆಲಸವನ್ನೂ ಒಟ್ಟಿಗೆ ನೋಡುತ್ತಿದ್ದರು.

ಕೋಳಿಕ್ಕೋಡಿನ ಆ ಕಾಯುವ ಕೋಣೆಯಲ್ಲಿ ನಾನು ಕಳೆದ ಹೊತ್ತನ್ನು ಲೆಕ್ಕ ಹಾಕಿಲ್ಲ. ನೀಲಿ ಕುರ್ಚಿಗಳು, ಗೋಡೆಗೆ ಹಾಕಿದ್ದ ಮೀನಿನ ಚಿತ್ರ. ಎದುರಿಗೆ ಮೈಯೆಲ್ಲ ಗಾಯವಾದ ಕೂಸನ್ನು ಮಡಿಲಲ್ಲಿಟ್ಟುಕೊಂಡ ತಾಯಿ. ಅದು ಕೆರೆದುಕೊಳ್ಳದಂತೆ ಎರಡೂ ಕೈಗೆ ಕಾಲುಚೀಲ ತೊಡಿಸಿದ್ದಳು. ಅಲ್ಲಿ ಯಾರೂ ಯಾರನ್ನೂ ಏನು ಕಾಯಿಲೆ ಎಂದು ಕೇಳುವುದಿಲ್ಲ, ಏನು ತಿನ್ನುವುದಿಲ್ಲ ಎಂದು ಕೇಳುತ್ತಾರೆ. ಮಾದೇಶ ಸ್ಟೀಲ್ ಡಬ್ಬಿಯಲ್ಲಿ ಅನ್ನ, ಹುರುಳಿ ಸಾರು ತಂದಿದ್ದರು. ಹೋಟೆಲಿಗೆ ಹೋಗಿ ತಾವು ಬಿಸಿಯಾಗಿ ಉಣ್ಣಬಹುದಿತ್ತು. ನನ್ನ ಜೊತೆಯೇ ಮೆಟ್ಟಿಲ ಮೇಲೆ ಕೂತು ಆ ತಣ್ಣನೆಯ ಅನ್ನ ತಿಂದರು. ನಮ್ಮ ಸಂಸಾರದಲ್ಲಿ ಪ್ರೀತಿಯ ಮಾತುಗಳು ಕಡಿಮೆ.

ಡಾಕ್ಟರು ಐವತ್ತು ದಾಟಿದ ಹೆಂಗಸು. ಮುಂಗೈ ಮೇಲೆ ಒಂದೊಂದು ಆಹಾರದ ಸತ್ವವನ್ನು ಸಾಲಾಗಿ ಹನಿ ಹಾಕಿ ಸೂಜಿ ಮೊನೆಯಿಂದ ಚುಚ್ಚಿದರು. ಮೀನಿನ ಜಾಗ ಉಬ್ಬಲಿಲ್ಲ. ಮೊಟ್ಟೆಯದೂ ಉಬ್ಬಲಿಲ್ಲ. ಗೋಧಿಯ ಜಾಗದಲ್ಲಿ ಸೊಳ್ಳೆ ಕಚ್ಚಿದಷ್ಟು ಚಿಕ್ಕ ಗುಳ್ಳೆ. ಅವರು ಅದನ್ನೇ ನೋಡುತ್ತಾ ಕೂತರು.

"ಇಷ್ಟಕ್ಕೆ ನೀವು ಅಷ್ಟು ಕೆಟ್ಟದಾಗಿ ಬೀಳಬಾರದು" ಎಂದರು. ಆಮೇಲೆ ನನ್ನ ಕೈ ತಿರುಗಿಸಿ ಅಂಗೈಯ ಬಿರುಕುಗಳನ್ನು ಕಂಡು, "ಏನು ಕೆಲಸ ಮಾಡುತ್ತೀರಿ?" ಎಂದು ಕೇಳಿದರು.

"ಸೋಪು ಮಾಡ್ತೇವೆ."

"ಅದಕ್ಕೆ ಏನೇನು ಹಾಕುತ್ತೀರಿ?"

ಒಂದೊಂದಾಗಿ ಹೇಳಿದೆ. ಪುಡಿಯ ಹೆಸರು ಬಂದಾಗ ಅವರು ಕನ್ನಡಕ ತೆಗೆದರು. "ಅದನ್ನು ಸ್ವಲ್ಪ ತನ್ನಿ. ಮುಟ್ಟಬೇಡಿ, ಬೇರೆಯವರ ಕೈಯಲ್ಲಿ ತುಂಬಿಸಿ ತನ್ನಿ."

ಮುಂದಿನ ಪರೀಕ್ಷೆಗೆ ದಿನ ಸಿಕ್ಕಿದ್ದು ಮಾರ್ಚಿನಲ್ಲಿ. ಪುಡಿಯನ್ನು ಬಹಳ ತೆಳುವಾಗಿ ಕಲಸಿ ಒಂದು ಹನಿ ಹಾಕಿದರು. ಐದು ನಿಮಿಷವೂ ಆಗಿರಲಿಲ್ಲ. ಆ ಜಾಗ ಬೆಳ್ಳಗೆ ಉಬ್ಬಿ, ಸುತ್ತ ಕೆಂಪು ಹರಡಿ, ಅಂಚಿನಿಂದ ಕಾಲುಗಳು ಹೊರಟಂತೆ ಬೆಳೆಯಿತು. ನರ್ಸು ಬೇಗ ಒರೆಸಿದರು. ಮಾದೇಶ ಗೋಡೆಯ ಕಡೆ ತಿರುಗಿಕೊಂಡರು.

ಡಾಕ್ಟರು ವಿವರಿಸಿದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಇದು ಗೋಧಿ ತಿಂದು ಮೈ ದಣಿಸಿದಾಗ ಏಳುವ ಅಲರ್ಜಿ. ಗೋಧಿಯ ಪ್ರೋಟೀನು ಇದ್ದ ಹಾಗೆ ನೀರಿನಲ್ಲಿ ಕರಗುವುದಿಲ್ಲ. ಕರಗಿಸಲು ಆಮ್ಲದಲ್ಲಿ ಬೇಯಿಸುತ್ತಾರೆ. ಆಗ ಅದರ ರೂಪ ಬೇರೆಯಾಗುತ್ತದೆ. ಹೊಟ್ಟೆಗೆ ಹುಟ್ಟಿನಿಂದ ಪರಿಚಯವಿದ್ದ ಗೋಧಿ ಅದಲ್ಲ. ಆ ಬೇರೆ ರೂಪ ಒಡೆದ ಚರ್ಮದಿಂದ, ಮೂಗಿನಿಂದ ದಿನವೂ ಒಳಗೆ ಹೋದಾಗ ಮೈ ಅದನ್ನು ವೈರಿ ಎಂದು ಗುರುತಿಟ್ಟುಕೊಂಡಿತು. ಆಮೇಲೆ ನಿಜವಾದ ಗೋಧಿ ತಿಂದು ಮೈ ದಣಿಸಿದಾಗ, ಅದರಲ್ಲೂ ಆ ವೈರಿಯ ಚಹರೆ ಕಂಡು ಮೇಲೆ ಬಿತ್ತು. ಓಟ, ಬಿಸಿಲು, ನೋವಿನ ಮಾತ್ರೆ, ಎಲ್ಲವೂ ಅದಕ್ಕೆ ಬಾಗಿಲು ತೆರೆಯುತ್ತವೆಯಂತೆ.

"ಕೈಯಿಂದ ಒಳಗೆ ಹೋಯಿತಾ?" ಎಂದು ಕೇಳಿದೆ.

"ಹೌದು. ಕೈಯಿಂದಲೇ."

ನಾನು ಅಳಲು ಶುರು ಮಾಡಿದೆ. ಕಾಯಿಲೆ ಗೊತ್ತಾದ ಸಮಾಧಾನಕ್ಕೆ ಅಳುತ್ತಿದ್ದೇನೆ ಎಂದು ಅವರು ತಿಳಿದರು. ಇದಕ್ಕೆ ಹೆದರಬೇಡಿ, ಪುಡಿಯಿಂದ ದೂರವಿದ್ದರೆ ಕೆಲವು ವರ್ಷಗಳಲ್ಲಿ ಕಡಿಮೆಯೂ ಆಗಬಹುದು ಎಂದರು. ನಾನು ಬಿಂದುವಿನ ವಿಷಯ ಹೇಳಿದೆ. ಎಲ್ಲ ಹೇಳಿದೆ, ನಾನು ನಕ್ಕದ್ದನ್ನೂ. "ನಾನು ನೋಡದವರ ಬಗ್ಗೆ ಖಚಿತವಾಗಿ ಹೇಳಲಾರೆ" ಎಂದರು. "ಆದರೆ ನೀವು ಹೇಳಿದ್ದೆಲ್ಲ ಇದೇ ಆಗಿರಬಹುದು." ಆಮೇಲೆ, "ಅವಳ ಮನೆಯಲ್ಲಿ ಬೇರೆ ಯಾರಾದರೂ ಆ ಸೋಪು ಬಳಸುತ್ತಿದ್ದರಾ?" ಎಂದು ಕೇಳಿದರು.

ಆ ಪ್ರಶ್ನೆ ಕೇಳುವ ತನಕ ನನಗೆ ಅಮ್ಮು ನೆನಪಾಗಿರಲಿಲ್ಲ. ಘಾಟಿ ಹತ್ತುವ ಬಸ್ಸಿನಲ್ಲಿ ಉದ್ದಕ್ಕೂ ಆ ಕೂಸು ಶಾಲೆಯ ಅಂಗಳದಲ್ಲಿ ಓಡುವುದೇ ಕಣ್ಣೆದುರು.

ಮಾರನೆಯ ದಿನ ಸೋಪು ಮಾಡುವ ಕೋಣೆಗೆ ಹೋಗಿ ಬಾಗಿಲ ಹೊರಗೇ ನಿಂತು ಎಲ್ಲ ಹೇಳಿದೆ. ಸುಲೋಚನ ಚೇಚಿ ಒಪ್ಪಲಿಲ್ಲ. ಪುಡಿ ತಂದುಕೊಟ್ಟವನಿಗೆ ಫೋನು ಹಚ್ಚಿದರು. "ತಿನ್ನುವಂಥದ್ದೇ ಅದು, ವಿಷವಲ್ಲ" ಎಂದು ಅವನು ಹೇಳಿದ್ದು ನನಗೂ ಕೇಳಿಸಿತು.

"ನೋಡು, ತಿನ್ನೋದಂತೆ" ಎಂದರು ಚೇಚಿ. "ನಿನ್ನೊಬ್ಳಿಗೆ ಪಟ್ಟಿಲ್ಲ ಅಂತ ಇಷ್ಟು ವರ್ಷದ್ದೆಲ್ಲ ಹೊಳೆಗೆ ಹಾಕೋಕಾಗತ್ತಾ?"

"ನನ್ನೊಬ್ಳಿಗಲ್ಲ ಚೇಚಿ. ಬಿಂದುವಿಗೂ."

ಚೇಚಿ ಕುರ್ಚಿಯಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ತಮ್ಮ ಕಣ್ಣಿನ ರೆಪ್ಪೆಯೂ ಬೆಳಿಗ್ಗೆ ಬೆಳಿಗ್ಗೆ ಊದುತ್ತದೆಂದು ಆಮೇಲೆ ಹೇಳಿದರು. ಆ ವಾರ ಅಂಗಡಿಗಳಿಗೆ ಹೋಗಿ ಉಳಿದ ಸೋಪನ್ನು ವಾಪಸು ತಂದವರೂ ಅವರೇ. ಆಗಲೇ ಮಾರಾಟವಾಗಿ ಹೋದದ್ದು ಯಾರ ಯಾರ ಬಚ್ಚಲಲ್ಲಿದೆಯೋ ನಮಗೆ ಗೊತ್ತಿಲ್ಲ. ಈ ಸೋಪು ಬಳಸಬೇಡಿ ಎಂದು ಅಂಗಡಿಗಳಲ್ಲಿ ಚೀಟಿ ಬರೆದು ಅಂಟಿಸಿದೆವು.

ಚೇಚಿಗೆ ಹೇಳಿದ ದಿನವೇ ನಾನು ಹಾಡಿಗೂ ಹೋದೆ. ಅತ್ತೆ ಜೊತೆಗೆ ಬರುತ್ತೇನೆಂದರು, ಬೇಡವೆಂದೆ. ಕೆಂಚಿ ಅಂಗಳದಲ್ಲಿ ಪೊರಕೆ ಕಡ್ಡಿ ಸೀಳುತ್ತಿದ್ದಳು. ಬಿಂದು ಸತ್ತ ಮೇಲೆ ನಾನು ಆ ಮನೆಗೆ ಹೋದದ್ದು ಒಂದು ವರ್ಷದ ನಂತರ. ನನ್ನನ್ನು ನೋಡಿ ಕೂರು ಎನ್ನಲಿಲ್ಲ. ನೆಲದಲ್ಲಿ ಕೂತೆ.

"ಅವ್ವ, ಮೊದಲು ಒಂದು ಕೇಳ್ತೀನಿ. ಬಿಂದು ತರ್ತಿದ್ಳಲ್ಲ ಸೋಪು, ಅದು ಇದೆಯಾ?"

ಅವಳು ಒಳಗೆ ಹೋಗಿ ತೆಂಗಿನ ಚಿಪ್ಪೊಂದನ್ನು ತಂದಳು. ಅದರಲ್ಲಿ ತೆಳ್ಳಗಾದ ಎರಡು ಚೂರು. "ಮಗಳು ತಂದದ್ದು ಅಂತ ಉಳಿಸಿ ಉಳಿಸಿ ಹಾಕ್ತೀನಿ. ಹಬ್ಬದ ದಿನ ಕೂಸಿನ ತಲೆಗೆ."

ನಾನು ಹೇಳಿದೆ. ಪುಡಿ, ಬಿಂದು ಕೇಳಿದ್ದು, ನಾನು ನಕ್ಕದ್ದು, ಚಾಪೆಯ ಮೇಲೆ ಅವಳ ಮುಖ ನೋಡಿದಾಗ ಗೊತ್ತಾದದ್ದು, ಗೊತ್ತಾಗಿಯೂ ಸುಮ್ಮನಿದ್ದದ್ದು. ಕೆಂಚಿಯ ಕೈ ಕಡ್ಡಿ ಸೀಳುತ್ತಲೇ ಇತ್ತು. ಮುಗಿಸಿದ ಮೇಲೆ ಕತ್ತಿ ಕೆಳಗಿಟ್ಟಳು.

"ಅವ್ಳು ನಂಗೂ ಹೇಳಿದ್ಳು ಕೈ ಉರೀತದೆ ಅಂತ. ನಾನು ಸೊಪ್ಪು ಅರೆದು ಹಚ್ಚಿದೆ" ಎಂದಳು. ಆಮೇಲೆ ನನ್ನನ್ನು ನೇರ ನೋಡಿ, "ನಿಂಗೆ ಹೇಳಿದ್ಳಲ್ಲ. ನೀನು ಅವ್ಳನ್ನ ಆ ಕಡೆ ನಿಲ್ಲಿಸಬೋದಿತ್ತು."

"ಹೌದು" ಎಂದೆ.

ಎರಡು ವಾರದ ಮೇಲೆ ಮೂವರೂ ಕೋಳಿಕ್ಕೋಡಿಗೆ ಹೋದೆವು, ಕೆಂಚಿ, ಅಮ್ಮು, ನಾನು. ಬಸ್ಸಿನಲ್ಲಿ ಕೆಂಚಿ ನನ್ನ ಜೊತೆ ಕೂರಲಿಲ್ಲ. ಘಾಟಿಯ ತಿರುವುಗಳಲ್ಲಿ ಅಮ್ಮು ಎರಡು ಸಲ ವಾಂತಿ ಮಾಡಿದಳು. ಎರಡು ಸಲವೂ ಎದ್ದುಹೋಗಿ ಅವಳ ತೋಳಿನ ಮೇಲೆ ದದ್ದಿದೆಯೇ ಎಂದು ನೋಡಿದೆ. ಅದೇ ನೀಲಿ ಕುರ್ಚಿಗಳು. ಡಾಕ್ಟರು ಕೂಸಿನ ಚಿಕ್ಕ ಮುಂಗೈ ಮೇಲೆ ಗೋಧಿಯದೂ ಪುಡಿಯದೂ ಹನಿ ಹಾಕಿ, ಚುಚ್ಚಿ, ಹದಿನೈದು ನಿಮಿಷ ಎಂದರು. ನಾವಿಬ್ಬರೂ ಬಾಗಿ ಕೂತೆವು, ತಲೆಗೆ ತಲೆ ತಾಗುವಷ್ಟು ಹತ್ತಿರ. ಅಮ್ಮು ಕೈ ಅಲುಗಿಸದೆ ಮೀನಿನ ಚಿತ್ರ ನೋಡುತ್ತಿದ್ದಳು. ಐದು ನಿಮಿಷ. ಹತ್ತು. ಚರ್ಮ ಹಾಗೇ ಇತ್ತು. ಹದಿನೈದಕ್ಕೆ ಡಾಕ್ಟರು ಬಂದು ಅಳತೆಪಟ್ಟಿ ಹಿಡಿದು, ಅಳೆಯುವುದಕ್ಕೆ ಏನೂ ಇಲ್ಲ ಎಂದರು.

ಕೆಂಚಿ ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ. ದನಿಯಿಲ್ಲದೆ, ಕೂಸಿನ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು. ನಾನು ಮುಟ್ಟಲು ಹೋಗಲಿಲ್ಲ. ಕಣ್ಣೊರೆಸಿಕೊಂಡ ಮೇಲೆ ಅವಳೇ ಮಾತಾಡಿದಳು.

"ನಿನ್ನ ಡಾಕ್ಟ್ರು ಹೇಳಿದ್ದು ನಂಗೆ ಹೇಳ್ದೆ. ಇನ್ನು ಊರಿಗೆ ಹೇಳು. ನನ್ನ ಮಗಳು ಕುಡಿದಿರಲಿಲ್ಲ ಅಂತ ಹೇಳು. ಶಾಲೇಲಿ ಈ ಕೂಸಿಗೆ ಅದನ್ನೇ ಅಂತಾರೆ."

ನನ್ನ ಕಾಯಿಲೆ ಈಗ ಹೀಗಿದೆ. ಗೋಧಿ ಬಿಟ್ಟು ಎರಡು ವರ್ಷವಾಯಿತು. ರವೆ, ಬ್ರೆಡ್ಡು, ಬಿಸ್ಕತ್ತು, ಮದುವೆ ಮನೆಯ ಪಾಯಸದ ಶಾವಿಗೆ, ಯಾವುದೂ ಇಲ್ಲ. ಶಾಂಪೂ ಸೀಸೆಯ ಹಿಂದಿನ ಸಣ್ಣ ಅಕ್ಷರಗಳನ್ನು ಅಮೃತ ಓದಿ ಹೇಳಿದ ಮೇಲೆಯೇ ಮುಚ್ಚಳ ತೆಗೆಯುತ್ತೇನೆ. ಚೀಲದಲ್ಲಿ ಒಂದು ಡಬ್ಬಿ ಇದೆ. ಅದರಲ್ಲಿ ಗಾಜಿನ ಕುಪ್ಪಿಯಲ್ಲಿ ಮದ್ದು, ಸಿರಿಂಜು. ಕುಪ್ಪಿಯ ಕತ್ತು ಮುರಿದು, ಎಳೆದು, ತೊಡೆಗೆ ಚುಚ್ಚುವುದನ್ನು ಮನೆಯಲ್ಲಿ ಎಲ್ಲರೂ ಕಲಿತಿದ್ದೇವೆ. ಅತ್ತೆ ಬಾಳೆದಿಂಡಿಗೆ ಚುಚ್ಚಿ ಚುಚ್ಚಿ ಅಭ್ಯಾಸ ಮಾಡಿದರು. ಕಳೆದ ಸಲ ಪರೀಕ್ಷೆ ಮಾಡಿದಾಗ ಗುಳ್ಳೆ ಮೊದಲಿಗಿಂತ ಚಿಕ್ಕದಾಗಿತ್ತು. ಡಾಕ್ಟರು ಖುಷಿಪಟ್ಟರು. ನನ್ನ ಮೈ ಮೆಲ್ಲಗೆ ಮರೆಯುತ್ತಿದೆ ಎಂದರು. ಮೈ ಮರೆಯಲಿ. ಇದೇ ಕಾಯಿಲೆಯವರು ಯಾರಾದರೂ ಓದುತ್ತಿದ್ದರೆ ಒಂದು ಮಾತು. ಏನು ತಿಂದಿರಿ ಎಂದು ಕೇಳಿದವರಿಗೆ, ಏನು ಮುಟ್ಟಿದಿರಿ ಎಂಬುದನ್ನೂ ಹೇಳಿ. ನಿಮ್ಮ ಪಕ್ಕದಲ್ಲಿ ನಿಂತವಳು ಒಗ್ಗುವುದಿಲ್ಲ ಎಂದರೆ, ನಗಬೇಡಿ.

ಆವತ್ತು ಕೋಳಿಕ್ಕೋಡಿನಿಂದ ಬಂದ ಮೇಲೆ, ಕೆಂಚಿ ಹೇಳಿದ್ದನ್ನು ಮಾಡಲು ನನಗೆ ನಾಲ್ಕು ದಿನ ಬೇಕಾಯಿತು. ಐದನೆಯ ದಿನ ಬೆಳಿಗ್ಗೆ ಹಾಡಿಗೆ ಹೋಗಿ ಅವಳನ್ನು ಕರೆದುಕೊಂಡು ಬಾವಲಿ ರಸ್ತೆಗೆ ನಡೆದೆ. ರಾಜನ್‌ನ ಅಂಗಡಿಯಲ್ಲಿ ಏಳೆಂಟು ಜನ ಚಹಾ ಕುಡಿಯುತ್ತಿದ್ದರು. ಕೆಂಚಿ ಒಳಗೆ ಬರಲಿಲ್ಲ, ರಸ್ತೆಯ ಅಂಚಿನಲ್ಲಿ ನಿಂತಳು. ನಾನು ಮಲಯಾಳದಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದೆ. ನನಗಿರುವ ಕಾಯಿಲೆ ಬಿಂದುವಿಗೂ ಇತ್ತೆಂದು ನನಗೆ ಅನ್ನಿಸುತ್ತದೆ, ಆಗ ಮನುಷ್ಯ ಕುಡಿದವರ ಹಾಗೆ ತೂರಾಡುತ್ತಾನೆ, ನಾನೂ ತೂರಾಡಿದ್ದೆ, ಅವಳು ಒಂದು ದಿನವೂ ಕುಡಿದವಳಲ್ಲ ಎಂದು.

"ಹೋಗಲಿ ಬಿಡಿ ಚೇಚಿ. ತೀರಿಹೋದವರ ಮಾತು ಈಗ ಯಾಕೆ?" ಎಂದ ರಾಜನ್, ಚಹಾ ಎತ್ತಿ ಹೊಯ್ಯುತ್ತಾ.

ಕೆಂಚಿ ರಸ್ತೆಯಿಂದಲೇ ಕೇಳಿದಳು. "ನೀನು ಹೇಳಿದ್ದೆಯಲ್ಲ. ನೀನೇ ಹೇಳು."

ಒಂದು ಜೀಪು ದೂಳೆಬ್ಬಿಸಿಕೊಂಡು ಹೋಯಿತು. ದೂಳು ಇಳಿದ ಮೇಲೂ ಅವಳು ಅಲ್ಲೇ ಇದ್ದಳು. ರಾಜನ್ ಲೋಟ ಕೆಳಗಿಟ್ಟು, ಕೈ ಒರೆಸಿಕೊಂಡು, ಅಂಗಡಿಯಿಂದ ಹೊರಗೆ ಬಂದ.

"ಬಿಂದು ಕುಡಿದಿರಲಿಲ್ಲ" ಎಂದ.

"ಜೋರಾಗಿ" ಎಂದಳು ಕೆಂಚಿ.

ಅವನು ಒಳಗಿದ್ದವರ ಕಡೆ ತಿರುಗಿ ಇನ್ನೊಮ್ಮೆ ಹೇಳಿದ. ಕೆಂಚಿ ತಲೆಯಾಡಿಸಿದಳು. ನನ್ನ ಕಡೆ ನೋಡದೆ, ಹಾಡಿಯ ದಾರಿ ಹಿಡಿದು ನಡೆದುಹೋದಳು.